ಕೂಸು ಹುಟ್ಟುವ ಮುಂಚೆ ಎಷ್ಟು ಕುಲಾವಿ ಬೇಕು?

ಕೇಳಿದವರು, ಹುಬ್ಬಳ್ಳಿಯಿಂದ:

ನನಗೀಗ ಏಳು ತಿಂಗಳು. ಜುಲೈ ಮೊದಲ ವಾರಕ್ಕೆ ಹೆರಿಗೆಯ ದಿನ ಕೊಟ್ಟಿದ್ದಾರೆ. ಇದು ಮೊದಲ ಹೆರಿಗೆ. ಅಂಗಡಿಯೊಂದರಲ್ಲಿ ವಿಚಾರಿಸಿದಾಗ 43 ಸಾಮಾನುಗಳ ಪಟ್ಟಿಯನ್ನು ಕೈಗಿತ್ತರು. ಅತ್ತೆಯವರು ಮಾತ್ರ ‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು’ ಎಂಬ ಗಾದೆಯನ್ನು ನೆನಪಿಸಿ, ಈಗಲೇ ಏನನ್ನೂ ತರುವುದು ಬೇಡ ಎನ್ನುತ್ತಾರೆ. ನಿಮ್ಮ ಮನೆಗಳಲ್ಲಿ ನಿಜವಾಗಿ ಯಾವುದು ಬಳಕೆಗೆ ಬಂತು, ಯಾವುದು ಕಟ್ಟಿಟ್ಟ ಹಾಗೆಯೇ ಉಳಿಯಿತು ಎಂಬುದನ್ನು ದಯವಿಟ್ಟು ತಿಳಿಸಿರಿ. ಹೆರಿಗೆಯ ನಂತರ ನಾನು ಕೆಲಸಕ್ಕೆ ಮರಳಬೇಕಾಗಿದೆ.

ಧಾರವಾಡದಿಂದ, ಇಬ್ಬರು ಮಕ್ಕಳ ತಾಯಿ:

ಅಂಗಡಿಯವರ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಹೆರಿಗೆಯ ತಿಂಗಳನ್ನು ನೋಡಿರಿ. ನನ್ನ ಮಗ ಮಾರ್ಚಿನಲ್ಲಿ ಹುಟ್ಟಿದ, ಮಗಳು ಜುಲೈಯಲ್ಲಿ ಹುಟ್ಟಿದಳು. ಈ ಇಬ್ಬರಿಗೂ ಬೇಕಾದ ಸಾಮಾನುಗಳು ಒಂದೇ ಆಗಿದ್ದರೂ ಅವುಗಳ ಎಣಿಕೆ ಒಂದೇ ಆಗಿರಲಿಲ್ಲ.

ಮಗಳು ಮೊದಲನೆಯವಳು. ಆಕೆಗೆಂದು ಹನ್ನೆರಡು ಲಂಗೋಟಿಗಳನ್ನು ಕೊಂಡು, ಅಷ್ಟೇ ಹೆಚ್ಚಾಯಿತೆಂದು ಭಾವಿಸಿದ್ದೆ. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಮಧ್ಯಾಹ್ನದ ಹೊತ್ತಿಗೆ ಒಣಗಿದ ಲಂಗೋಟಿ ಒಂದೂ ಉಳಿದಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಪಡಸಾಲೆಯಲ್ಲಿ ಕಟ್ಟಿದ ಹಗ್ಗದ ತುಂಬ ಬಟ್ಟೆಗಳು ತೂಗುತ್ತಿದ್ದವು, ಮುಟ್ಟಿದರೆ ತಣ್ಣಗೆ, ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಆಗ ನನ್ನ ತಾಯಿ ಅಪ್ಪನ ಎರಡು ಹಳೆಯ ಧೋತರಗಳನ್ನು ತೆಗೆದು, ಒರಟಾದ ಅಂಚನ್ನು ಕತ್ತರಿಸಿ, ಉಳಿದದ್ದನ್ನು ಮೊಳದಗಲದ ಚೌಕಗಳಾಗಿ ಹರಿದರು. ಇಪ್ಪತ್ತೆಂಟು ತುಂಡುಗಳಾದವು. ಹೊಲಿಗೆ, ಗುಂಡಿ, ಲಾಡಿ ಯಾವುದೂ ಇಲ್ಲ. ಮೂಲೆಯಿಂದ ಮೂಲೆಗೆ ಮಡಚಿ, ಹೊಕ್ಕಳಿನ ಕೆಳಗೆ ಸಡಿಲವಾಗಿ ಗಂಟು ಹಾಕಿದರೆ ಮುಗಿಯಿತು. ಹತ್ತಾರು ಸಲ ಒಗೆದು ಮೆತ್ತಗಾಗಿದ್ದ ಆ ಬಟ್ಟೆ ಬಿಚ್ಚಿ ಹರವಿದರೆ ಒಂದೇ ಪದರವಾಗಿದ್ದುದರಿಂದ, ಮೂರು ಪದರ ಸೇರಿಸಿ ಹೊಲಿದ ಅಂಗಡಿಯ ಲಂಗೋಟಿಗಿಂತ ಎಷ್ಟೋ ಬೇಗ ಒಣಗುತ್ತಿತ್ತು. ಸ್ವಲ್ಪ ಹಸಿ ಉಳಿದಿದ್ದರೆ ಇಸ್ತ್ರಿ ಹಾಕುತ್ತಿದ್ದೆವು. ನೀವೂ ಜುಲೈಯವರೇ ಆದ್ದರಿಂದ ಮೂವತ್ತು ತುಂಡುಗಳನ್ನು ಈಗಲೇ ಒಗೆದು ಮಡಚಿಡಿರಿ. ಹಳೆಯ ಧೋತರವನ್ನು ಹರಿದಿಡುವುದಕ್ಕೆ ನಿಮ್ಮ ಅತ್ತೆಯವರೂ ಬೇಡವೆನ್ನಲಾರರು.

ಡೈಪರನ್ನು ನಾನು ದೂರುವುದಿಲ್ಲ. ನಲ್ಲಿಯ ನೀರು ದಿನವೂ ಬಾರದ ನಮ್ಮ ಊರಿನ ಓಣಿಗಳಲ್ಲಿ ಎಲ್ಲವನ್ನೂ ಒಗೆದೇ ತೀರಬೇಕೆಂದು ಬಾಣಂತಿಗೆ ಹೇಳುವುದು ನ್ಯಾಯವಲ್ಲ. ರಾತ್ರಿಗೂ ಆಸ್ಪತ್ರೆಗೆ ಹೋಗಿಬರುವುದಕ್ಕೂ ಅದು ಬೇಕು. ಆದರೆ ಅತಿ ಚಿಕ್ಕ ಅಳತೆಯ ಒಂದೇ ಪೊಟ್ಟಣವನ್ನು ತರಿಸಿರಿ; ಅದು ಸುಮಾರು 5 ಕಿಲೋ ತೂಕದವರೆಗಿನ ಕೂಸಿಗೆ ಮಾತ್ರ ಸರಿಹೋಗುತ್ತದೆ. ನನ್ನ ಮಗ 3.4 ಕಿಲೋ ತೂಗಿ ಹುಟ್ಟಿದವನು. ರಿಯಾಯಿತಿಯ ಆಸೆಗೆ ತಂದ ನಾಲ್ಕು ಪೊಟ್ಟಣಗಳಲ್ಲಿ ಎರಡನ್ನು ಒಡೆಯಲೇ ಇಲ್ಲ. ಮೊದಲ ವಾರಗಳಲ್ಲಿ ಹಗಲು ಬಟ್ಟೆಯನ್ನೇ ಕಟ್ಟುವುದರಲ್ಲಿ ಇನ್ನೊಂದು ಅನುಕೂಲವಿದೆ. ಎದೆಹಾಲು ಸಾಲುತ್ತಿದೆಯೋ ಇಲ್ಲವೋ ಎಂಬ ಆತಂಕ ಪ್ರತಿಯೊಬ್ಬ ಹೊಸ ತಾಯಿಗೂ ಇರುತ್ತದೆ. ಐದನೆಯ ದಿನದ ನಂತರ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಎಂದರ್ಥ, ಮತ್ತು ಆ ಎಣಿಕೆ ಬಟ್ಟೆಯಲ್ಲಿ ತಿಳಿಯುವಷ್ಟು ಸುಲಭವಾಗಿ ಡೈಪರಿನಲ್ಲಿ ತಿಳಿಯುವುದಿಲ್ಲ.

ಮುಂದೆ ಲಾಡಿ ಇರುವ ತೆಳು ಹತ್ತಿಯ ಅಂಗಿಗಳು ಎಂಟು ಸಾಕು. ಕುತ್ತಿಗೆ ನಿಲ್ಲದ ಕೂಸಿಗೆ ತಲೆಯ ಮೇಲಿಂದ ಎಳೆದು ಹಾಕುವ ಅಂಗಿ ಬೇಡ. ಎರಡು ಕುಲಾವಿ, ಎರಡು ಜೊತೆ ಕಾಲುಚೀಲ, ಮಳೆಗಾಲವಾದ್ದರಿಂದ ಒಂದು ಸ್ವೆಟರ್, ಹಾಸಿಗೆಯ ಮೇಲೆ ಹಾಕಲು ಎರಡು ರಬ್ಬರ್ ಹಾಸು, ಒಂದು ಒಳ್ಳೆಯ ಸೊಳ್ಳೆ ಪರದೆ ಇರಲಿ. ಹೊದಿಕೆ ಕೊಳ್ಳಬೇಡಿರಿ. ನಿಮ್ಮ ತವರಿನಲ್ಲಿ ಹಳೆಯ ಸೀರೆಗಳಿಂದ ಹೊಲಿದ ಸಣ್ಣ ಕೌದಿಗಳು ಇದ್ದೇ ಇರುತ್ತವೆ. ಅಜ್ಜಿಯ ಟ್ರಂಕಿನಲ್ಲಿ ಖಣದ ಕುಂಚಿಗೆ ಇದ್ದರಂತೂ ಅದನ್ನು ಇಂದೇ ತೆಗೆಸಿರಿ. ನಮ್ಮ ಮನೆಯ ಕುಂಚಿಗೆಗೆ ನನ್ನ ಅಜ್ಜಿ ಕಸೂತಿಯಲ್ಲಿ ಗೋಪುರ ಮತ್ತು ಆನೆಯನ್ನು ಹಾಕಿದ್ದರು. ನಾನು, ನನ್ನ ತಮ್ಮ, ನನ್ನ ಇಬ್ಬರು ಮಕ್ಕಳು, ಹೀಗೆ ನಾಲ್ವರು ಅದನ್ನು ಹೊದ್ದಿದ್ದೇವೆ. ತಲೆ, ಕಿವಿ, ಬೆನ್ನು ಮೂರನ್ನೂ ಒಟ್ಟಿಗೆ ಮುಚ್ಚುವ ಅದಕ್ಕೆ ಸಮನಾದದ್ದು ಅಂಗಡಿಯಲ್ಲಿ ನನಗೆ ಸಿಕ್ಕಿಲ್ಲ. ಎತ್ತಿಕೊಂಡು ಹೊರಗೆ ಹೋಗುವಾಗ ಮಾತ್ರ ಹಾಕಿರಿ. ಮಲಗಿಸಿದಾಗ ಸಡಿಲವಾದ ಬಟ್ಟೆ ಮುಖದ ಮೇಲೆ ಬರಬಾರದು.

ಬೇಡವಾದವುಗಳಲ್ಲಿ ಮೊದಲನೆಯದು ದಿಂಬು. ತಲೆ ದುಂಡಗಾಗಲೆಂದು ಸಾಸಿವೆ ದಿಂಬು ಕೊಡುವ ರೂಢಿ ನಮ್ಮಲ್ಲಿದೆ, ಅಂಗಡಿಯವರು ಹಾಸಿಗೆಯ ಜೊತೆ ಸುತ್ತಲೂ ಇಡುವ ಮೆತ್ತೆಗಳನ್ನೂ ಮಾರುತ್ತಾರೆ. ಕೂಸನ್ನು ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು, ಮುಖದ ಹತ್ತಿರ ಮೆತ್ತನೆಯ ವಸ್ತು ಯಾವುದೂ ಇರಬಾರದು ಎಂದು ಮಕ್ಕಳ ವೈದ್ಯರು ಹೇಳುವುದು ಉಸಿರುಕಟ್ಟುವ ಅಪಾಯವಿರುವುದರಿಂದಲೇ. ಪೌಡರ್ ಡಬ್ಬಿಯೂ ಬೇಡ. ಅದರ ಹುಡಿ ಉಸಿರಿನಲ್ಲಿ ಸೇರುತ್ತದೆ. ತಳ್ಳುಗಾಡಿಗೆ ನಾವು ಆರು ಸಾವಿರ ಕೊಟ್ಟೆವು. ನಮ್ಮ ಓಣಿಯ ಏರಿಳಿತ ಮತ್ತು ಕಲ್ಲುಹಾಸಿನ ಮೇಲೆ ಅದನ್ನು ಮೂರು ಸಲ ತಳ್ಳಿದ್ದೇವೆ, ಈಗ ಅದರಲ್ಲಿ ಉಳ್ಳಾಗಡ್ಡಿ ಇಡುತ್ತೇವೆ.

ಹಾಲಿನ ಬಾಟಲಿಗಳ ಸೆಟ್ಟನ್ನು ಮುಂಚಿತವಾಗಿ ಕೊಂಡಿಡಲೇಬೇಡಿರಿ. ಮನೆಯಲ್ಲಿ ಬಾಟಲಿ ಇದ್ದರೆ, ನಡುರಾತ್ರಿ ಕೂಸು ಅತ್ತಾಗ ಎಲ್ಲರ ಕೈಯೂ ಅದರ ಕಡೆಗೇ ಹೋಗುತ್ತದೆ. ಬಾಟಲಿ ಮತ್ತು ಹಾಲಿನ ಪುಡಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆಯೇ ನಿಷೇಧಿಸಿದೆ. ಹೀಗಿರುವಾಗ ಅಂಗಡಿಯವರ ಪಟ್ಟಿಯಲ್ಲಿ ಅವು ಅಗತ್ಯ ಸಾಮಾನುಗಳಾಗಿ ಸೇರಿಕೊಂಡಿದ್ದರೆ ಆ ಪಟ್ಟಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ನೀವೇ ತೀರ್ಮಾನಿಸಿರಿ. ವೈದ್ಯರೇ ಮೇಲುಹಾಲು ಬೇಕೆಂದರೆ ಅದೇ ದಿನ ಹತ್ತು ನಿಮಿಷದಲ್ಲಿ ತರಬಹುದು. ಹಾಲು ಹಿಂಡುವ ಪಂಪ್ ನಿಮಗೆ ಮುಂದೆ ಬೇಕಾಗಬಹುದು, ಆದರೆ ಈಗಲ್ಲ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ಇದೆ. ನಿಮ್ಮ ಕೆಲಸಕ್ಕೆ ಅದು ಅನ್ವಯಿಸುವುದಾದರೆ ಐದನೆಯ ತಿಂಗಳಲ್ಲಿ ಕೊಂಡು ಅಭ್ಯಾಸ ಮಾಡಿಕೊಳ್ಳಲು ಬೇಕಾದಷ್ಟು ಸಮಯವಿರುತ್ತದೆ.

ನನಗೆ ಬೇಸರ ತರುವ ಸಂಗತಿ ಇನ್ನೊಂದಿದೆ. ಇಂತಹ ಪಟ್ಟಿಗಳಲ್ಲಿ ಹೆತ್ತವಳು ಇರುವುದೇ ಇಲ್ಲ. ನನ್ನ ಮೊದಲ ಹೆರಿಗೆಯಲ್ಲಿ ಕೂಸಿನ ಚೀಲದಲ್ಲಿ ಆಟಿಗೆಯೂ ಇತ್ತು, ನನ್ನ ಚೀಲದಲ್ಲಿ ದೊಡ್ಡ ಅಳತೆಯ ಪ್ಯಾಡುಗಳಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ನನ್ನ ಯಜಮಾನರು ಮಳೆಯಲ್ಲಿ ತೆರೆದ ಔಷಧ ಅಂಗಡಿಯನ್ನು ಹುಡುಕಿಕೊಂಡು ಹೋದರು. ಹೆರಿಗೆಯ ನಂತರದ ದೊಡ್ಡ ಪ್ಯಾಡುಗಳು, ಮುಂದೆ ತೆರೆಯುವ ನಾಲ್ಕು ಗೌನುಗಳು, ಹಾಲು ಕುಡಿಸುವಾಗ ತೋಳಿನ ಕೆಳಗೆ ಇಟ್ಟುಕೊಳ್ಳಲು ಒಂದು ಗಟ್ಟಿ ದಿಂಬು (ಮನೆಯಲ್ಲಿರುವುದೇ ಸಾಕು), ತಲೆಯ ಹತ್ತಿರ ಇಡಲು ಬಿಸಿನೀರಿನ ಥರ್ಮಾಸು, ಅಂಟಿನುಂಡೆಯ ಡಬ್ಬಿ: ಇಷ್ಟನ್ನು ಮೊದಲು ಕಟ್ಟಿ, ಆಮೇಲೆ ಕೂಸಿನ ಚೀಲಕ್ಕೆ ಕೈ ಹಚ್ಚಿರಿ.

ಗದಗಿನಿಂದ, ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಶುಶ್ರೂಷಕಿ:

ಧಾರವಾಡದ ತಂಗಿ ಹೇಳಿದ ಕುಂಚಿಗೆಯ ಮಾತಿಗೆ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ಟ್ರಂಕಿನಲ್ಲಿ ಬಟ್ಟೆಗಳ ನಡುವೆ ನಾವು ಡಾಂಬರು ಗುಳಿಗೆ, ಅಂದರೆ ನುಸಿಗುಳಿಗೆ ಇಡುತ್ತೇವೆ. ಅದರಲ್ಲಿ ನ್ಯಾಫ್ತಲೀನ್ ಇರುತ್ತದೆ. ಜಿ-ಸಿಕ್ಸ್-ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸಿಗೆ ಅಂತಹ ಬಟ್ಟೆಯನ್ನು ನೇರವಾಗಿ ಹೊದಿಸಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ವಿಪರೀತಕ್ಕೆ ಹೋಗಬಹುದು, ಮತ್ತು ಆ ಕೊರತೆ ಇದೆಯೋ ಇಲ್ಲವೋ ಎಂಬುದು ಕೂಸನ್ನು ನೋಡಿದರೆ ತಿಳಿಯುವುದಿಲ್ಲ. ಆದ್ದರಿಂದ ಕುಂಚಿಗೆ, ಕೌದಿ ಎಲ್ಲವನ್ನೂ ಹೆರಿಗೆಗೆ ಒಂದು ತಿಂಗಳು ಮೊದಲೇ ತೆಗೆದು, ಒಗೆದು, ವಾಸನೆ ಸಂಪೂರ್ಣ ಹೋಗುವವರೆಗೆ ಹಲವು ದಿನ ಬಿಸಿಲು ಗಾಳಿಗೆ ಹಾಕಿರಿ. ಜೂನ್ ಮಧ್ಯದ ನಂತರ ಬಿಸಿಲನ್ನು ನಂಬಲಾಗದು. ಮತ್ತೆ ಇಡುವಾಗ ಒಣಗಿದ ಬೇವಿನ ಎಲೆ ಹಾಕಿರಿ.

ಕೊಳ್ಳಲೇಬೇಕಾದವು ಎಂದು ನಾನು ಹೇಳುವುದು ಎರಡನ್ನು. ಒಂದು ಡಿಜಿಟಲ್ ಥರ್ಮಾಮೀಟರ್. ಕಂಕುಳಲ್ಲಿ ಇಟ್ಟು ನೋಡಿದಾಗ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಮುಟ್ಟಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಮೈ ತಣ್ಣಗಾಗುವುದೂ ಅಷ್ಟೇ ಅಪಾಯಕಾರಿ. ಇನ್ನೊಂದು ಸ್ಟೀಲಿನ ಒಳಲೆ. ಹಿಂಡಿದ ಎದೆಹಾಲನ್ನು ಕುಡಿಸಬೇಕಾಗಿ ಬಂದರೆ ಬಾಟಲಿಗಿಂತ ಒಳಲೆಯೇ ಮೇಲು. ತಿಂಗಳು ತುಂಬುವ ಮೊದಲೇ ಹುಟ್ಟಿದ ಎಷ್ಟೋ ಕೂಸುಗಳಿಗೆ ನಾವು ವಾರ್ಡಿನಲ್ಲಿ ಅದರಲ್ಲಿಯೇ ಹಾಲು ಹಾಕಿದ್ದೇವೆ. ಅದರ ತುದಿಯನ್ನು ಕೆಳತುಟಿಯ ಮೇಲೆ ಮುಟ್ಟಿಸಿ, ಬಾಯಿಯ ಬದಿಯಿಂದ ಹನಿಹನಿಯಾಗಿ ಬಿಟ್ಟು, ನುಂಗುವುದನ್ನು ನೋಡಿದ ಮೇಲೆಯೇ ಮತ್ತೆ ಬಾಗಿಸಬೇಕು. ಮೂಲೆಗಳಿಲ್ಲದ ಪಾತ್ರೆಯಾದ್ದರಿಂದ ತೊಳೆದು ಕುದಿಸುವುದು ಸುಲಭ. ಬೆಳ್ಳಿಯದನ್ನು ತವರಿನವರು ಕೊಟ್ಟರೆ ಸಂತೋಷ, ಅದಕ್ಕಾಗಿ ಅವರನ್ನು ಖರ್ಚಿಗೆ ಹಚ್ಚಬೇಡಿರಿ.

ಗ್ರೈಪ್ ವಾಟರ್, ಜೇನುತುಪ್ಪ, ತೇಯ್ದು ನೆಕ್ಕಿಸುವ ಬಜೆ, ಇವು ಯಾವುವೂ ಬೇಡ. ಆರು ತಿಂಗಳವರೆಗೆ ಎದೆಹಾಲನ್ನು ಬಿಟ್ಟರೆ ನೀರು ಕೂಡ ಬೇಡ. ವಿಟಮಿನ್ ಡಿ ಹನಿಗಳನ್ನು ವೈದ್ಯರು ಬರೆದುಕೊಟ್ಟರೆ ಅದೊಂದು ಮಾತ್ರ ಸೇರುತ್ತದೆ. ಹೊಕ್ಕಳಿಗೆ ಹಚ್ಚುವ ಪುಡಿಯೂ ಬೇಡ, ಅದು ಒಣಗಿರಲಿ ಸಾಕು. ಕಾಡಿಗೆಯನ್ನು ಕಣ್ಣಿಗೆ ಹಚ್ಚಬೇಡಿರಿ. ಅದರಲ್ಲಿ ಸೀಸ ಇರಬಹುದು, ಹಚ್ಚುವ ಬೆರಳಿನಿಂದ ಸೋಂಕೂ ತಗಲಬಹುದು. ಹಿರಿಯರ ಮನಸ್ಸು ನೋಯದಿರಲೆಂದರೆ ದೃಷ್ಟಿಬೊಟ್ಟನ್ನು ಅಂಗಾಲಿಗೆ ಇಡಿರಿ. ಬಾಣಂತಿ ಕೋಣೆಯನ್ನು ಮುಚ್ಚಿ ಕೆಂಡದ ಮೇಲೆ ಲೋಬಾನ ಹಾಕುವುದನ್ನು ಕೈಮುಗಿದು ಬಿಡಿಸಿರಿ. ಮಳೆಗಾಲದಲ್ಲಿ ಕಿಟಕಿಗಳೂ ಮುಚ್ಚಿರುತ್ತವೆ, ಆ ಹೊಗೆ ಎಲ್ಲವೂ ಕೂಸಿನ ಎದೆಗೇ ಹೋಗುತ್ತದೆ.

ಬಾಣಂತಿಯ ಸಾಮಾನಿನ ವಿಷಯದಲ್ಲಿ ತಂಗಿ ಹೇಳಿದ್ದು ನೂರಕ್ಕೆ ನೂರು ಸತ್ಯ. 2007ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆಂದು ಆರಂಭಿಸಿದ ಮಡಿಲು ಕಿಟ್‌ನಲ್ಲಿ 19 ಬಗೆಯ ಸಾಮಾನುಗಳಿದ್ದವು. ಸೊಳ್ಳೆ ಪರದೆ, ರಬ್ಬರ್ ಹಾಸು, ಕೂಸಿನ ಸ್ವೆಟರ್‌ಗಳ ಜೊತೆಗೆ ತಾಯಿಗೆ ಬೇಕಾದ ಪ್ಯಾಡುಗಳೂ ಇದ್ದವು. ನಿಮ್ಮ 43ಕ್ಕಿಂತ ಆ 19 ಲೇಸು. ತಾಯಿ ಕಾರ್ಡನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆಸ್ಪತ್ರೆಯ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಡಿರಿ. ಹುಟ್ಟಿದಾಗ ಕೊಡುವ ಬಿಸಿಜಿ, ಪೋಲಿಯೊ ಮತ್ತು ಹೆಪಟೈಟಿಸ್ ಬಿ ಲಸಿಕೆಗಳನ್ನು ಬರೆಸಿಕೊಳ್ಳದೆ ಮನೆಗೆ ಬರಬೇಡಿರಿ.

ಹಾವೇರಿಯಿಂದ, ಒಂದು ವರ್ಷದ ಮಗಳ ತಂದೆ:

ತೊಟ್ಟಿಲಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಾವು ಅವಸರದಲ್ಲಿ ಕಬ್ಬಿಣದ ಮಡಚುವ ತೊಟ್ಟಿಲೊಂದನ್ನು ಕೊಂಡೆವು. ಎರಡನೆಯ ತಿಂಗಳಿಗೇ ಅದರ ಒಂದು ತಿರುಪು ಸಡಿಲವಾಗಿ ತೊಟ್ಟಿಲು ಒಂದು ಬದಿಗೆ ವಾಲಿತು. ಅದೃಷ್ಟವಶಾತ್ ಮಗಳು ಅಜ್ಜಿಯ ತೊಡೆಯ ಮೇಲಿದ್ದಳು. ಆಮೇಲೆ ನನ್ನ ಸೋದರಮಾವನ ಮನೆಯಿಂದ ಕಲಘಟಗಿಯ ಹಳೆಯ ತೊಟ್ಟಿಲನ್ನು ತಂದೆವು. ಸಾಗುವಾನಿಯದು, ನಾಲ್ಕೂ ಬದಿಗೆ ಬಾಲಕೃಷ್ಣನ ಚಿತ್ರಗಳಿವೆ, ಅರಗಿನ ಬಣ್ಣ ಇಷ್ಟು ವರ್ಷಗಳಾದರೂ ಮಾಸಿಲ್ಲ. ಅದರಲ್ಲಿ ನನ್ನ ತಾಯಿಯೂ ಮಲಗಿದ್ದರಂತೆ. ಅಂತಹ ಹೊಸ ತೊಟ್ಟಿಲು ಈಗ ದುಬಾರಿ, ಮೊದಲೇ ಹೇಳಿ ಮಾಡಿಸಬೇಕು. ಆದರೆ ನಮ್ಮ ಭಾಗದಲ್ಲಿ ಬೀಗರು ನೆಂಟರಲ್ಲಿ ವಿಚಾರಿಸಿದರೆ ಯಾರದೋ ಅಟ್ಟದ ಮೇಲೆ ಒಂದು ಇದ್ದೇ ಇರುತ್ತದೆ, ಮತ್ತು ತೊಟ್ಟಿಲನ್ನು ಕೇಳಿದರೆ ಇಲ್ಲವೆನ್ನುವವರನ್ನು ನಾನು ಕಂಡಿಲ್ಲ. ಕೂಸು ಬೋರಲು ಬೀಳಲು ಕಲಿತ ಮೇಲೆ ಕಣ್ಣಮುಂದೆ ಇರುವಾಗಷ್ಟೇ ಅದರಲ್ಲಿ ಮಲಗಿಸಿರಿ, ಎದ್ದು ಕೂರುವ ಹೊತ್ತಿಗೆ ನಿಲ್ಲಿಸಿಬಿಡಿರಿ.

ವಾಕರ್ ಉಡುಗೊರೆಯಾಗಿ ಬಂದರೆ ಹಿಂದಿರುಗಿಸಿರಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ; ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾಗುವ ಘಟನೆಗಳಿಂದಾಗಿ ಕೆನಡಾ ದೇಶದಲ್ಲಿ 2004ರಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ. ಹೆಸರಿಡುವ ದಿನ ನಮಗೆ ಬಂದ ಅಂಗಿಗಳು ಇಪ್ಪತ್ತಮೂರು. ಅವುಗಳಲ್ಲಿ ಹತ್ತೊಂಬತ್ತು ಮೂರು ತಿಂಗಳೊಳಗಿನ ಅಳತೆಯವು. ನಿಮ್ಮನ್ನು ಏನು ಕೊಡಲಿ ಎಂದು ಕೇಳಿದವರಿಗೆ ಒಂದು ವರ್ಷದ ಅಳತೆಯದನ್ನು ಹೇಳಿರಿ, ಸಂಕೋಚ ಬೇಡ.

ಹಳೆಯ ತೊಟ್ಟಿಲು ಸಿಕ್ಕರೆ ಸರಪಳಿಯ ಕೊಂಡಿಗಳನ್ನು ಮತ್ತು ತೊಲೆಯ ಕೊಕ್ಕೆಯನ್ನು ಬಡಗಿಯಿಂದ ನೋಡಿಸಿರಿ. ನಾವು ಹತ್ತು ಕಿಲೋದ ಜೋಳದ ಚೀಲವನ್ನು ಅದರಲ್ಲಿಟ್ಟು ಒಂದು ರಾತ್ರಿ ತೂಗುಬಿಟ್ಟು, ಬೆಳಿಗ್ಗೆ ಕೊಕ್ಕೆ ಅಲುಗಿಲ್ಲವೆಂದು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಮಗಳನ್ನು ಮಲಗಿಸಿದೆವು.