ಗೊಬ್ಬರದ ನೀರು 'ಅರ್ಧ' ಎಂದರೆ ಯಾವುದರ ಅರ್ಧ?

ಪದಾಸಕ್ತರಿಗೆ ನಮಸ್ಕಾರ. ಮನೆಯೊಳಗೆ ಬೆಳೆಸುವ ಸಕ್ಯುಲೆಂಟ್ (ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ) ಗಿಡಗಳಿಗೆ ಗೊಬ್ಬರ ಕೊಡುವ ಬಗ್ಗೆ ಒಂದು ಸಣ್ಣ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜೇಡ್, ಎಚೆವೇರಿಯಾ, ಹಾವರ್ಥಿಯಾ, ಲೋಳೆಸರದಂಥ ಗಿಡಗಳು. ಬರವಣಿಗೆ ಬಹುಪಾಲು ಸಲೀಸಾಗಿ ಸಾಗಿತು. ಒಂದೇ ಒಂದು ಮಾತಿನ ಹತ್ತಿರ ನಿಂತುಬಿಟ್ಟಿದೆ. ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಅರ್ಧದಷ್ಟೇ ಗೊಬ್ಬರ ಕರಗಿರುವ ನೀರನ್ನು ಕನ್ನಡದಲ್ಲಿ ಚಿಕ್ಕದಾಗಿ ಏನೆನ್ನಬೇಕು?

'ಅರ್ಧ ಪ್ರಮಾಣದ ಗೊಬ್ಬರ' ಎಂದು ಬರೆದರೆ ಸಾಲದೇ ಎಂದು ಕೇಳುವಿರಿ. ಸಾಲದು. ಪೊಟ್ಟಣದ ಮೇಲೆ ಲೀಟರಿಗೆ 2 ಗ್ರಾಂ ಎಂದಿದೆ ಎಂದುಕೊಳ್ಳಿ. 'ಅರ್ಧ ಪ್ರಮಾಣ' ಎಂದು ಓದಿದವರಲ್ಲಿ ಕೆಲವರು ಲೀಟರಿಗೆ 1 ಗ್ರಾಂ ಹಾಕುತ್ತಾರೆ. ಉಳಿದವರು ಲೀಟರಿಗೆ 2 ಗ್ರಾಂ ಹಾಕಿಯೇ ಕಲಸಿ, ಒಂದು ಲೋಟ ಎರೆಯುವ ಕಡೆ ಅರ್ಧ ಲೋಟ ಎರೆಯುತ್ತಾರೆ. ವ್ಯಾಕರಣದ ದೃಷ್ಟಿಯಿಂದ ಇಬ್ಬರದೂ ಸರಿ, ಗಿಡದ ದೃಷ್ಟಿಯಿಂದ ಮೊದಲನೆಯವರದು ಮಾತ್ರ. ಗೊಬ್ಬರವೆಂದರೆ ಬೇರಿನ ಪಾಲಿಗೆ ಲವಣ. ಬೇರಿನ ಜೀವಕೋಶದೊಳಗಿನದಕ್ಕಿಂತ ಹೊರಗಿನ ನೀರಿನಲ್ಲಿ ಲವಣ ಹೆಚ್ಚಾದರೆ ನೀರು ಒಳಕ್ಕೆ ಬರುವ ಬದಲು ಹೊರಕ್ಕೆ ಹೋಗುತ್ತದೆ. ಬೇರು ಸುಟ್ಟಂತಾಗಿ ಎಲೆಯ ತುದಿ ಕಂದಾಗುತ್ತದೆ. ಅರ್ಧ ಲೋಟ ಎರೆದರೂ ಆ ನೀರಿನ ಲವಣದ ಪಾಲು ಅಷ್ಟೇ ಇರುತ್ತದೆ. ಮೇಲಾಗಿ ಸಕ್ಯುಲೆಂಟ್ ಕುಂಡದ ಮಣ್ಣನ್ನು ಪ್ರತಿಸಲವೂ ಒಣಗಲು ಬಿಡುತ್ತೇವೆ. ನೀರು ಆವಿಯಾದಂತೆ ಉಳಿದ ತೇವದಲ್ಲಿ ಲವಣ ಇನ್ನಷ್ಟು ಏರುತ್ತದೆ, ಕೊನೆಗೆ ಕುಂಡದ ಅಂಚಿನಲ್ಲಿ ಬಿಳಿ ಪೊರೆಯಾಗಿ ಕಾಣುತ್ತದೆ. ಹಾಗಾಗಿ ಎರೆಯುವ ಮುನ್ನ ಸಾದಾ ನೀರು ಕೊಟ್ಟು ಮಣ್ಣನ್ನು ಒದ್ದೆ ಮಾಡಿಕೊಳ್ಳಿ, ಆಗಾಗ ತಳದ ತೂತಿನಿಂದ ಹರಿದುಹೋಗುವಷ್ಟು ಸಾದಾ ನೀರು ಹಾಯಿಸಿ ಲವಣ ತೊಳೆಯಿರಿ ಎಂದೆಲ್ಲ ಬರೆದಿದ್ದೇನೆ. ಆ ಭಾಗದಲ್ಲಿ ಪದದ ತೊಂದರೆಯಿಲ್ಲ.

ಇನ್ನು ನಾನು ತೂಗಿ ನೋಡಿದ ಪದಗಳು. ಶಾಲೆಯ ರಸಾಯನಶಾಸ್ತ್ರದಲ್ಲಿ 'ಸಾರರಿಕ್ತ ಆಮ್ಲ' (ನೀರು ಬೆರೆಸಿದ ಆಮ್ಲ) ಎಂದು ಎಲ್ಲರೂ ಓದಿದ್ದೇವೆ. ಪ್ರಯೋಗಶಾಲೆಯಲ್ಲಿ ಅದು ಒಳ್ಳೆಯ ಪದವೇ. ಆದರೆ ಗೊಬ್ಬರದ ಪಕ್ಕದಲ್ಲಿ 'ಸಾರ' ಎಂದರೆ ಮಣ್ಣಿನ ಸಾರ, ಸತ್ತ್ವ. 'ಸಾರರಿಕ್ತ ಗೊಬ್ಬರ ಹಾಕಿ' ಎಂದರೆ ಸತ್ತ್ವವಿಲ್ಲದ ಗೊಬ್ಬರ ಹಾಕಿ ಎಂದಾಗುತ್ತದೆ, ಹಾಕುವುದಾದರೂ ಏಕೆ? 'ದುರ್ಬಲ ದ್ರಾವಣ' ಎಂದರೆ ಗೊಬ್ಬರವೇ ಕಳಪೆ ಎನಿಸುತ್ತದೆ. ರಸಾಯನದವರೂ ಒಪ್ಪುವುದಿಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ದುರ್ಬಲ ಆಮ್ಲ ಬೇರೆ, ನೀರು ಬೆರೆಸಿದ ಆಮ್ಲ ಬೇರೆ. 'ತೆಳು' ಕಿವಿಗೆ ಹಿತ. ಆದರೆ ಗೊಬ್ಬರ ಕರಗಿದ ನೀರು ಲೀಟರಿಗೆ 2 ಗ್ರಾಮಿನದಾದರೂ 1 ಗ್ರಾಮಿನದಾದರೂ ನೀರಿನಷ್ಟೇ ತೆಳುವಾಗಿರುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. 'ತಿಳಿ' ಇನ್ನೂ ಅಪಾಯ: ಗೊಬ್ಬರವನ್ನು ನೀರಿನಲ್ಲಿ ನೆನೆಯಿಟ್ಟು ಮೇಲಿನ ತಿಳಿಯನ್ನು ಬಸಿದುಕೊಳ್ಳಿ ಎಂದು ತಿಳಿಯುತ್ತಾರೆ. 'ಅರ್ಧ ಹದ' ಎಂದು ಒಬ್ಬ ಗೆಳೆಯರು ಸೂಚಿಸಿದರು. ಹದ ಎಂಬುದು ಇದ್ದರೆ ಪೂರ್ತಿ ಇರುವಂಥದ್ದು. ಅರ್ಧ ಹದವೆಂದರೆ ಕೆಲಸ ಕೆಟ್ಟಿದೆ ಎಂದರ್ಥ.

'ಅರ್ಧ ಸಾಂದ್ರತೆ' ಶಾಸ್ತ್ರಕ್ಕೆ ಹತ್ತಿರ, ಬಳಕೆಯಲ್ಲೂ ಇದೆ. ಆದರೆ ಸಾಂದ್ರತೆ ಎಂದೊಡನೆ ಹೆಚ್ಚಿನ ಓದುಗರಿಗೆ ಜನಸಾಂದ್ರತೆಯೋ, ಭೌತಶಾಸ್ತ್ರದ ರಾಶಿ ಮತ್ತು ಗಾತ್ರದ ಅನುಪಾತವೋ ನೆನಪಾಗುತ್ತದೆ. ಕುಂಡದ ಮುಂದೆ ಚಮಚ ಹಿಡಿದು ನಿಂತವರಿಗೆ ಇದು ತೊಡಕಿನ ಪದ.

ಹಳೆಗನ್ನಡದ ಸೊಗಸಿಗೆ ಮನಸೋತು 'ಇಮ್ಮಡಿ ನೀರು', 'ನಾಲ್ಮಡಿ ನೀರು' ಎಂದೂ ಬರೆದು ನೋಡಿದೆ. ಒಂದು ಲೀಟರಿಗೆ ಹೇಳಿದ ಗೊಬ್ಬರವನ್ನು ಎರಡು ಲೀಟರಿನಲ್ಲಿ ಕರಗಿಸಿದರೆ ಇಮ್ಮಡಿ, ನಾಲ್ಕು ಲೀಟರಿನಲ್ಲಿ ಕರಗಿಸಿದರೆ ನಾಲ್ಮಡಿ. ಲೆಕ್ಕ ಸರಿಯಾಗಿದೆ, ಆದರೆ ಓದಿದವರು ಗಿಡಕ್ಕೆ ಇಮ್ಮಡಿ ನೀರು ಎರೆದರೆ ಮುಗಿಯಿತು. ಎಲೆಯಲ್ಲಿ, ಕಾಂಡದಲ್ಲಿ ನೀರು ತುಂಬಿಕೊಂಡು ಬದುಕುವ ಈ ಗಿಡಗಳನ್ನು ಗೊಬ್ಬರಕ್ಕಿಂತ ಬೇಗ ಕೊಲ್ಲುವುದು ಅತಿ ನೀರು.

ಪೂರ್ತಿ ವಾಕ್ಯವನ್ನೇ ಬರೆಯಬಹುದು ನಿಜ: 'ಪೊಟ್ಟಣದಲ್ಲಿ ಒಂದು ಲೀಟರಿಗೆ ಹೇಳಿದಷ್ಟು ಗೊಬ್ಬರವನ್ನು ಎರಡು ಲೀಟರ್ ನೀರಿನಲ್ಲಿ ಕರಗಿಸಿ'. ಮೊದಲ ಸಲ ಹಾಗೆಯೇ ಬರೆದಿದ್ದೇನೆ. ಆದರೆ ಕೊನೆಯಲ್ಲಿ ಒಂದು ಕೋಷ್ಟಕವಿದೆ. ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ಅರ್ಧ, ಇಲ್ಲವೇ ಇನ್ನೂ ಹೆಚ್ಚು ಸಲ ಕೊಡುವುದಾದರೆ ಕಾಲು, ಸುಪ್ತಾವಧಿಯಲ್ಲಿ ಏನೂ ಬೇಡ ಎಂದು. ಅದರ ತಲೆಪಟ್ಟಿಗೆ ಒಂದೇ ಪದ ಬೇಕು. ('ಬೇಸಿಗೆಯಲ್ಲಿ' ಎಂದು ಬರೆಯದೆ 'ಬೆಳೆಯುವ ಕಾಲದಲ್ಲಿ' ಎಂದದ್ದಕ್ಕೆ ಕಾರಣವಿದೆ: ಎಯೋನಿಯಂ, ಲಿಥಾಪ್ಸ್‌ನಂಥವು ಬಿರುಬೇಸಿಗೆಯಲ್ಲಿ ಮಲಗಿ ತಂಪಿನ ಕಾಲದಲ್ಲಿ ಬೆಳೆಯುತ್ತವೆ.)

ಸದ್ಯಕ್ಕೆ ನನ್ನ ಒಲವು 'ಅರೆಸಾರ', 'ಕಾಲುಸಾರ' ಎಂಬುದರ ಕಡೆಗೆ. 'ಗಿಡಕ್ಕೆ ಅರೆಸಾರದ ದ್ರಾವಣ ಎರೆಯಿರಿ.' ಇಲ್ಲಿ ಸಾರ ಖಾಲಿಯಾಗಿಲ್ಲ, ಅರ್ಧವಾಗಿದೆ. ಅರ್ಧವಾದದ್ದು ನೀರಲ್ಲ, ನೀರಿನಲ್ಲಿರುವ ಸಾರ ಎಂಬುದೂ ಪದದಲ್ಲೇ ಇದೆ. ಆಕ್ಷೇಪಗಳೂ ನನಗೇ ಹೊಳೆಯುತ್ತವೆ. 'ಅರೆ' ಎಂಬುದಕ್ಕೆ ಅರೆಬೆಂದ, ಅರೆಮನಸ್ಸು ಎಂಬಲ್ಲಿರುವ ಕೊರತೆಯ ಛಾಯೆ ಇದೆ, 'ಕಾಲುಸಾರ'ದ 'ಕಾಲು' ಪಾದವಾಗಿಯೂ ಕೇಳಿಸಬಹುದು.

ಇದರ ಜೊತೆಗೇ ಅಂಟಿಕೊಂಡಿರುವ ಇನ್ನೊಂದು ಗೋಜಲು 'ರಸಗೊಬ್ಬರ'. ಇದರ ರಸ 'ರಸಾಯನ'ದ ರಸ. ಬಹುಪಾಲು ರಸಗೊಬ್ಬರ ಹರಳು, ಪುಡಿ. ಆದರೆ 'ರಸಭರಿತ ಸಸ್ಯಗಳಿಗೆ ರಸಗೊಬ್ಬರ' ಎಂಬ ಶೀರ್ಷಿಕೆ ಕೊಟ್ಟರೆ ಸಸ್ಯದಲ್ಲಿ ರಸ ತುಂಬುವ ದ್ರವವೊಂದಿದೆ ಎಂದೇ ಓದುಗರು ನಂಬುತ್ತಾರೆ. ಅದಕ್ಕಾಗಿ ನಾನು ಸಕ್ಯುಲೆಂಟ್ ಎಂದೇ ಉಳಿಸಿಕೊಂಡೆ, ನೀರಿನ ರೂಪದ್ದನ್ನು ದ್ರವಗೊಬ್ಬರ ಎಂದೆ. 'ಹುಲುಸಾಗಿ' ಎಂಬ ಪದವನ್ನೂ ಕೈಬಿಟ್ಟೆ. ನಿಧಾನವಾಗಿ ಬೆಳೆಯುವುದೇ ಈ ಗಿಡಗಳ ಸ್ವಭಾವ. ಸಾರಜನಕ ಹೆಚ್ಚಾದರೆ ಮೆತ್ತಗೆ, ಬಲವಿಲ್ಲದೆ ಬೆಳೆಯುತ್ತವೆ. ಅದಕ್ಕೆ ರೈತರ 'ಸೊಕ್ಕುವುದು' ಎಂಬ ಪದವೇ ಸಾಕು, ಬೇರೆ ಬೇಡ.

ಪೊಟ್ಟಣದ ಮೇಲಿನ 20-20-20 ಎಂಬ ಶೇಕಡಾವಾರು ಅಂಕಿಗಳನ್ನು 'ಸಾರಜನಕ, ರಂಜಕ, ಪೊಟ್ಯಾಷ್' ಎಂದು ಬಿಡಿಸುವ ರೂಢಿಯ ಬಗ್ಗೆಯೂ ಒಂದು ಮಾತು. ನಡುವಿನ ಅಂಕಿ ರಂಜಕದ್ದಲ್ಲ, ಅದರ ಆಕ್ಸೈಡಿನ ಲೆಕ್ಕದ್ದು. ಅಸಲು ರಂಜಕ ಶೇ. 9ಕ್ಕಿಂತ ಕಡಿಮೆ. ಮೂರನೆಯದೂ ಆಕ್ಸೈಡಿನ ಲೆಕ್ಕವೇ, ಆದರೆ ನಾವು ಪೊಟ್ಯಾಸಿಯಂ ಎನ್ನದೆ ಪೊಟ್ಯಾಷ್ (ಗೊಬ್ಬರದ ಲೆಕ್ಕದಲ್ಲಿ ಆ ಆಕ್ಸೈಡಿನದೇ ಹೆಸರು) ಎಂದು ಹೇಳುತ್ತ ಬಂದದ್ದರಿಂದ ಅಲ್ಲಿ ತಪ್ಪಾಗಲಿಲ್ಲ. ನಡುವಿನದಕ್ಕೆ 'ರಂಜಕಾಂಶ' ಎಂದರೆ ನಡೆಯುತ್ತದೆಯೇ?

ಮುಖ್ಯ ಪ್ರಶ್ನೆ ಮಾತ್ರ ಅರೆಸಾರದ್ದೇ. ಬೆಳೆಗೆ ಔಷಧ ಸಿಂಪಡಿಸುವವರು, ಬಟ್ಟೆಗೆ ಬಣ್ಣ ಕಟ್ಟುವವರು, ಔಷಧ ತಯಾರಿಸುವವರು ನೀರು ಬೆರೆಸಿ ಸಾರ ಇಳಿಸುವುದಕ್ಕೆ ತಮ್ಮದೇ ಪದ ಇಟ್ಟುಕೊಂಡಿರಬೇಕು. ಅಂಥದ್ದನ್ನು ಕೇಳಿದವರು ದಯವಿಟ್ಟು ತಿಳಿಸಿ. ಪದವಷ್ಟೇ ಸಾಲದು, ಅವರು ಅದನ್ನು ಬಳಸಿದ ವಾಕ್ಯವನ್ನೂ ಬರೆಯಿರಿ.