ರಬ್ಬರ್ ಮರದ ಪ್ಯಾನೆಲ್ ತುದಿಯಲ್ಲಿ ಬಾಯಿ ಬಿಡುತ್ತಿದೆ, ಕೈಜೆನ್ (ಸಣ್ಣ ಸಣ್ಣ ಹೆಜ್ಜೆಯ ಸುಧಾರಣೆ) ಎಲ್ಲಿಂದ ಶುರು ಮಾಡೋದು?

ಉಳಿಬಾಚಿ:
ಸುಳ್ಯದ ಕಡೆ ಯುನಿಟ್. ರಬ್ಬರ್ ಮರದ ಪಟ್ಟಿ ಅಂಟಿಸಿ 18 ಎಂಎಂ ಪ್ಯಾನೆಲ್ ಮಾಡ್ತೇವೆ, ಪಿವಿಎ ಡಿ3 ಅಂಟು (ತೇವ ತಕ್ಕಮಟ್ಟಿಗೆ ತಡೆಯುವ ಬಿಳಿ ಮರದಂಟು). ಬೆಂಗಳೂರಿಗೆ ಹೋದ ಮಾಲಿನಲ್ಲಿ ಜಾಯಿಂಟ್ ಬಿಡ್ತಿದೆ, ಮಳೆಗಾಲದ ಮಾಲಿನಲ್ಲೇ ಜಾಸ್ತಿ. 5ಎಸ್ (ಕೆಲಸದ ಜಾಗ ಅಚ್ಚುಕಟ್ಟಾಗಿಡುವ ಪದ್ಧತಿ) ಆಗಿದೆ, ಕೈಜೆನ್ ಬೋರ್ಡೂ ಇದೆ. ಪ್ರೆಸ್ ಒತ್ತಡ ಏರಿಸಿದರೂ ಫರಕ್ಕಿಲ್ಲ.

ಮರದಹೊಟ್ಟು:
'ಜಾಯಿಂಟ್ ಬಿಟ್ಟಿದೆ' ಅಂತ ಒಂದೇ ಕಾಲಂನಲ್ಲಿ ಬರೆದರೆ, ಐದು ಸಲ 'ಯಾಕೆ' ಕೇಳಿದರೂ ಕೊನೆಗೆ ಅಂಟಿಗೇ ಬೈಗುಳ. ಚೆಕ್ ಶೀಟಿನಲ್ಲಿ ಪ್ಯಾನೆಲ್ ಚಿತ್ರ ಬರೆದು, ಬಿಟ್ಟ ಜಾಗಕ್ಕೆ ಗೀಟು ಹಾಕಿಸಿ. ತುದಿಯಲ್ಲಿ ಮಾತ್ರವಾದರೆ ಮೊದಲ ಅನುಮಾನ ತೇವಾಂಶ. ಉದ್ದಕ್ಕೂ ಬಿಟ್ಟಿದ್ದರೆ ಒತ್ತಡ ಇಲ್ಲವೇ ಮೊಂಡು ಪ್ಲೇನರ್ (ಮರ ಹೆರೆಯುವ ಮಿಷನ್) ಬ್ಲೇಡ್. ಬಿಡದೆ ಬರೀ ತಗ್ಗು ಗೆರೆ ಕಂಡರೆ, ಅಂಟಿನ ನೀರು ಆರುವ ಮೊದಲೇ ಸ್ಯಾಂಡಿಂಗ್ ಆಗಿದೆ.

ಉಳಿಬಾಚಿ:
ಬಹುಪಾಲು ತುದಿಯ 5–10 ಸೆಂ.ಮೀ.ನಲ್ಲೇ. ಆದರೆ ಮರ ಒಣಗಿಸುವ ಕಿಲ್ನ್‌ನಿಂದ 9% ತೇವಾಂಶಕ್ಕೇ ಹೊರಬರುತ್ತೆ.

ಮರದಹೊಟ್ಟು:
ಕಿಲ್ನ್ ಬಾಗಿಲಲ್ಲಿ 9%. ಪ್ರೆಸ್ ಹತ್ತಿರ ಎಷ್ಟು? ಗಾಳಿಯ ಆರ್ದ್ರತೆ 85% ಇದ್ದರೆ ಮರ ನಿಧಾನಕ್ಕೆ 17–18%ರ ಕಡೆ ಏರುತ್ತದೆ, ಮೊದಲು ಕುಡಿಯುವುದು ತುದಿ. ಉಬ್ಬಿದ ತುದಿಯನ್ನು ಪ್ಲೇನರ್‌ನಲ್ಲಿ ನೇರ ಮಾಡಿ ಅಂಟಿಸಿದರೆ, ಎಸಿ ರೂಮಿನಲ್ಲಿ ಅದೇ ತುದಿ ಕುಗ್ಗಿ ಬಿಡುತ್ತದೆ. ತುದಿಯದೊಂದು, ನಡುವಿನದೊಂದು ತುಂಡು ಕೊಯ್ದು ತೂಗಿ, 103 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಡಿ. 56 ಗ್ರಾಂ ಇದ್ದದ್ದು 50ಕ್ಕೆ ನಿಂತರೆ 12%. ತುದಿಗೂ ನಡುವಿಗೂ 2%ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕಳ್ಳ ಸಿಕ್ಕ ಹಾಗೇ.

ಆಮೇಲೆ ಕಿಲ್ನ್ ಅಟ್ಟಿಯನ್ನು ತುದಿ ಸಮೇತ ಪ್ಲಾಸ್ಟಿಕ್‌ನಲ್ಲಿ ಸುತ್ತಿಸಿ. ಪ್ಲೇನರ್–ಪ್ರೆಸ್ ನಡುವೆ ನೆಲದಲ್ಲಿ ಎರಡೇ ಟ್ರಾಲಿಗೆ ಜಾಗ ಗುರುತು ಮಾಡಿ. ಎರಡೂ ತುಂಬಿದರೆ ಪ್ಲೇನರ್ ನಿಲ್ಲಬೇಕು, ಇಲ್ಲದಿದ್ದರೆ ಹೆರೆದ ಪಟ್ಟಿ ಕಾಯುತ್ತಾ ಮತ್ತೆ ತೇವ ಕುಡಿಯುತ್ತದೆ. ಮಿಷನ್ ಖಾಲಿ ನಿಂತರೆ ಸೂಪರ್‌ವೈಸರ್‌ಗೆ ಹೊಟ್ಟೆ ಉರಿಯುತ್ತೆ, ಉರಿಯಲಿ.

ಕ್ಲಾಂಪಣ್ಣ:
ಒತ್ತಡವನ್ನು ಅಂದಾಜಿಗೆ ಏರಿಸಬೇಡಿ, ಅಂಟೆಲ್ಲ ಹಿಂಡಿ ಹೋಗಿ ಜಾಯಿಂಟ್ ಬರಡಾಗುತ್ತದೆ. ಲೆಕ್ಕ ಹಾಕಿ: 1200 × 18 ಎಂಎಂ ಜಾಯಿಂಟ್ ಅಂದರೆ 216 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ 8 ಕೆಜಿಯಂತೆ ಒಟ್ಟು 1728 ಕೆಜಿ. 50 ಎಂಎಂ ಸಿಲಿಂಡರ್ ನಾಲ್ಕಿದ್ದರೆ ಗೇಜಿನಲ್ಲಿ ಚದರ ಸೆಂ.ಮೀ.ಗೆ 22 ಕೆಜಿ ಸಾಕು. ಅದೇ ಗೇಜಿನಲ್ಲಿ 25 ಎಂಎಂ ಪ್ಯಾನೆಲ್ ಒತ್ತಿದರೆ ಜಾಯಿಂಟಿಗೆ ಸಿಗುವುದು ಚದರ ಸೆಂ.ಮೀ.ಗೆ 5.8 ಕೆಜಿ ಮಾತ್ರ. ದಪ್ಪ–ಗೇಜ್ ಪಟ್ಟಿ ಪ್ರೆಸ್ ಮೇಲೆಯೇ ಅಂಟಿಸಿ.

ಇನ್ನೊಂದು. ಜುಲೈ ಮಾಲನ್ನು ಡಿಸೆಂಬರ್ ಮಾಲಿನ ಜೊತೆ ಹೋಲಿಸಬೇಡಿ, ಏನೂ ಮಾಡದಿದ್ದರೂ ಗೆದ್ದಂತೆ ಕಾಣುತ್ತೆ. ಒಂದೇ ದಿನದ ಲಾಟಿನಲ್ಲಿ ಅರ್ಧ ಸುತ್ತಿ, ಅರ್ಧ ಹಾಗೇ ಬಿಟ್ಟು, ಎರಡರಿಂದಲೂ ಮಾಡಿದ ಪ್ಯಾನೆಲ್‌ಗಳನ್ನು ಒಣ ಕೋಣೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿ.