ಚಟ ಬಿಡಿಸೋ ಚಿಕಿತ್ಸೆ ಮುಗಿಸಿ ಕಾಲೇಜಿಗೆ ವಾಪಸ್ ಬರೋ ಹುಡುಗರಿಗೆ ದುಡ್ಡು ಕೊಡೋದಾದ್ರೆ ಯಾವ ದಾರಿ ಸರಿ?

ಹಳೇಬ್ಯಾಚ್99

ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಹಳೇ ವಿದ್ಯಾರ್ಥಿಗಳು ನಾವು, 40 ಜನ. ತಿಂಗಳಿಗೆ ತಲಾ 500 ರೂಪಾಯಿ ಹಾಕಿದ್ರೆ ವರ್ಷಕ್ಕೆ 2.4 ಲಕ್ಷ ಆಗುತ್ತೆ. ಕುಡಿತ, ಗಾಂಜಾ, ನಶೆ ಮಾತ್ರೆ ಬಿಟ್ಟು ಮತ್ತೆ ಓದಿಗೆ ಬರೋ ಹುಡುಗ ಹುಡುಗಿಯರಿಗೆ ಈ ದುಡ್ಡು ಸೇರಬೇಕು ಅಂತ ಮಾತಾಗಿದೆ. ಕೊಡೋದು ಡಿ-ಅಡಿಕ್ಷನ್ ಸೆಂಟರ್‌ಗಾ, ಕಾಲೇಜಿಗಾ, ನೇರ ಹುಡುಗನ ಖಾತೆಗಾ? ನಾವೇ ಒಂದು ಟ್ರಸ್ಟ್ ಮಾಡಿಬಿಡೋಣ ಅಂತ ಕೆಲವರ ಹಟ. ಅಮೆರಿಕದಲ್ಲಿರೋ ಮೂವರೂ ಸೇರ್ತಾರಂತೆ.

ವಾರ್ಡಿನಾಚೆ (ಮನೋವೈದ್ಯಕೀಯ ಸಮಾಜ ಕಾರ್ಯ)

ಆಸ್ಪತ್ರೆ ಅಡ್ಮಿಶನ್ ಖರ್ಚಿಗೆ ದುಡ್ಡು ಇಡಬೇಡಿ ಸರ್. ಧಾರವಾಡದ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ) ನಿಮಗೆ ಪಕ್ಕದಲ್ಲೇ ಇದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ನಡೆಯೋ ಪುನರ್ವಸತಿ ಕೇಂದ್ರಗಳೂ ಇವೆ. ಖಾಸಗಿಯವರ "21 ದಿನದಲ್ಲಿ ಚಟ ಮಾಯ" ಪ್ಯಾಕೇಜಿಗೆ ನಿಮ್ಮ ಗಂಟು ಒಬ್ಬಿಬ್ಬರಿಗೇ ಕರಗಿ ಹೋಗುತ್ತೆ.

ಹುಡುಗರು ಎಡವೋದು ಡಿಸ್ಚಾರ್ಜ್ ಆದ ಮೇಲೆ. ಅದೇ ಹಾಸ್ಟೆಲ್ ರೂಮು, ಅದೇ ರೂಮ್‌ಮೇಟ್, ಶುಕ್ರವಾರ ಸಂಜೆ ಅದೇ ಚಹಾದಂಗಡಿ. ಜೊತೆಗೆ ಹಾಜರಿ. ವಿಟಿಯುನಲ್ಲಿ (ನಿಮ್ಮಂಥ ಕಾಲೇಜುಗಳ ತಾಂತ್ರಿಕ ವಿಶ್ವವಿದ್ಯಾಲಯ) ಶೇ 85 ಬೇಕು. 16 ವಾರದ ಸೆಮಿಸ್ಟರ್‌ನಲ್ಲಿ 4 ವಾರ ಆಸ್ಪತ್ರೇಲಿ ಕಳೆದವನು ಉಳಿದ ಒಂದು ಕ್ಲಾಸನ್ನೂ ತಪ್ಪಿಸದಿದ್ರೂ 75ಕ್ಕೇ ನಿಲ್ತಾನೆ. ಹಾಜರಿ ಕೊರತೆ ಅಂತ ಪರೀಕ್ಷೆಗೆ ಕೂರಿಸಲಿಲ್ಲ ಅಂದ್ರೆ ಅವತ್ತು ರಾತ್ರಿನೇ ಬಾಟ್ಲಿ. ಹಾಜರಿ ರಿಯಾಯಿತಿ ಕೇಳೋಕೆ ಕಾಲೇಜಿಗೆ ಕೊಡೋ ಮೆಡಿಕಲ್ ಸರ್ಟಿಫಿಕೇಟ್‌ನಲ್ಲಿ ಕಾಯಿಲೆಯ ಹೆಸರು ಬೇಡ, ಇಂತಿಂಥ ದಿನ ಒಳರೋಗಿಯಾಗಿದ್ದ ಅಂತಷ್ಟೇ ಬರೆಸಿ.

ಒಬ್ಬರಿಗೆ 6 ತಿಂಗಳಿನ ನನ್ನ ಅಂದಾಜು ಲೆಕ್ಕ: ಬೇರೆ ಕಡೆ ಪಿಜಿ, ಊಟ ಸೇರಿ ತಿಂಗಳಿಗೆ 7,000ದಂತೆ 42,000. ಓಪಿಡಿಗೆ ಓಡಾಟ, ಮಾತ್ರೆ, ರಕ್ತಪರೀಕ್ಷೆಗೆ ತಿಂಗಳಿಗೆ 1,500ರಂತೆ 9,000. ಮರುನೋಂದಣಿ, ಪರೀಕ್ಷಾ ಶುಲ್ಕ 10,000. ಕೈಮೀರಿದ್ದಕ್ಕೆ 9,000. ಒಟ್ಟು 70,000. ನಿಮ್ಮ ದುಡ್ಡಿಗೆ ಮೂವರು, 30,000 ಉಳಿಯುತ್ತೆ. ಆ ಉಳಿದದ್ದಕ್ಕೆ ನಾಲ್ಕನೆಯವನನ್ನ ಸೇರಿಸೋ ಆಸೆ ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

1,500 ಸಣ್ಣದು ಅನ್ನಿಸಬಹುದು. ಆದ್ರೆ ನಾಲ್ಟ್ರೆಕ್ಸೋನ್ (ಕುಡಿಯೋ ಆಸೆ ತಗ್ಗಿಸೋ ಮಾತ್ರೆ) ಶುರು ಮಾಡೋಕೆ ಮುಂಚೆ ಲಿವರ್ ಟೆಸ್ಟ್ ಬೇಕು, ಆಮೇಲೂ ಆಗಾಗ ಮಾಡಿಸಬೇಕು. ಟೆಸ್ಟಿಗೆ ಕಾಸಿಲ್ಲ ಅಂತ ಓಪಿಡಿ ತಪ್ಪುತ್ತೆ, ಓಪಿಡಿ ತಪ್ಪಿದ್ರೆ ಮಾತ್ರೆಯೂ ನಿಲ್ಲುತ್ತೆ.

ಬಾಡಿಗೆ ಪಿಜಿಯವರಿಗೆ, ಶುಲ್ಕ ಕಾಲೇಜಿಗೆ, ಔಷಧದ ಬಿಲ್ಲು ಅಂಗಡಿಗೆ, ಎಲ್ಲ ನೇರ ಹೋಗಲಿ. ಮೊದಲ ತಿಂಗಳುಗಳಲ್ಲಿ ಕೈಗೆ ಒಮ್ಮೆಲೇ 5,000 ನಗದು ಬಿದ್ರೆ ಅದೇ ಕುಡಿಯೋ ಆಸೆ ಕೆಣಕುತ್ತೆ. ನಂಬಿಕೆಯ ಪ್ರಶ್ನೆ ಅಲ್ಲ ಇದು ಅಂತ ಮೊದಲ ದಿನವೇ ಅವನಿಗೆ ಬಿಡಿಸಿ ಹೇಳಿ.

ತಾಳೆಪಟ್ಟಿ (ಸಿಎ)

2.4 ಲಕ್ಷಕ್ಕೆ ಹೊಸ ಟ್ರಸ್ಟ್ ಬೇಡವೇ ಬೇಡ. ಡೀಡ್, ಪ್ಯಾನ್, 12ಎ (ಟ್ರಸ್ಟ್‌ನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ), ವರ್ಷಾವರ್ಷ ರಿಟರ್ನ್... ಮೂಗಿಗಿಂತ ಮೂಗುತಿ ಭಾರ. ಈಗಾಗಲೇ 80ಜಿ ಇರೋ ಟ್ರಸ್ಟ್ ಜೊತೆ ಒಂದು ಪುಟದ ಒಪ್ಪಂದ ಪತ್ರ ಸಾಕು: ದುಡ್ಡು ಯಾವುದಕ್ಕೆ ಮೀಸಲು, ಫಲಾನುಭವಿಯನ್ನ ಆರಿಸೋರು ಯಾರು, 3 ತಿಂಗಳಿಗೊಮ್ಮೆ ಲೆಕ್ಕ, ಖರ್ಚಾಗದೆ ಉಳಿದದ್ದು ಎಲ್ಲಿಗೆ. ದಾನಿಗಳಿಗೆ ಬರೋ ಲೆಕ್ಕದಲ್ಲಿ ಹೆಸರು ಬೇಡ, "ವಿದ್ಯಾರ್ಥಿ 1, ವಿದ್ಯಾರ್ಥಿ 2" ಅಂತಿರಲಿ.

80ಜಿಯಲ್ಲಿ ದಾನಿಗೆ ವಿನಾಯಿತಿ ಸಾಮಾನ್ಯವಾಗಿ ಕೊಟ್ಟದ್ದರ ಶೇ 50ಕ್ಕೆ, ಅದೂ ಹಳೇ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 2,000 ದಾಟಿದ ನಗದಿಗೆ ಸಿಗಲ್ಲ. ಬರೀ ರಸೀದಿ ನಂಬಿ ಕೂರಬೇಡಿ, ಟ್ರಸ್ಟ್‌ನಿಂದ 10ಬಿಇ ನಮೂನೆಯ ದೇಣಿಗೆ ಪ್ರಮಾಣಪತ್ರ ಕೇಳಿ ಪಡೀರಿ.

ಹುಡುಗನ ಖಾತೆಗೆ ನೇರ ಹಾಕಿದ್ರೆ 80ಜಿ ಇಲ್ಲ. ಮೇಲಾಗಿ ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿದ ಉಡುಗೊರೆ ಪೂರ್ತಿಯಾಗಿ ಅವನ ಆದಾಯಕ್ಕೆ ಸೇರುತ್ತೆ, ದಾಟಿದ ಭಾಗ ಮಾತ್ರ ಅಲ್ಲ.

ಅಮೆರಿಕದವರ ವಿಷಯದಲ್ಲಿ ನೋಡಬೇಕಾದ್ದು ಪಾಸ್‌ಪೋರ್ಟ್. ಭಾರತದ ಪಾಸ್‌ಪೋರ್ಟೇ ಇದ್ರೆ ಅವರ ಸ್ವಂತ ದುಡಿಮೆಯ ದುಡ್ಡು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರರಾಗಿದ್ರೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡೋದು) ಇದ್ರೂ, ವಿದೇಶಿ ದೇಣಿಗೆಯೇ. ಆಗ ಟ್ರಸ್ಟ್‌ಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ದುಡ್ಡು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿ ಆದ ಮೇಲೆ ಆ ದುಡ್ಡನ್ನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗೂ ಇಲ್ಲ. "ಗೊತ್ತಿರೋ ದೊಡ್ಡ ಎನ್‌ಜಿಓ ಮೂಲಕ ತರಿಸ್ಕೋತೀವಿ" ಅನ್ನೋರು ಸಿಕ್ಕಿಬೀಳೋದು ಇಲ್ಲೇ.

ಹಳೇಬ್ಯಾಚ್99

ಟ್ರಸ್ಟ್ ಮಾತು ಕೈಬಿಟ್ವಿ. ಆದ್ರೆ ಹುಡುಗ ಮತ್ತೆ ಕುಡಿದ್ರೆ ನಿಲ್ಲಿಸಬೇಕಾ? ಗ್ರೂಪಲ್ಲಿ ಇದಕ್ಕೇ ಜಗಳ. ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ರಿಪೋರ್ಟ್ ಕಳಿಸಲಿ ಅಂತ ಒಬ್ರು, ಚೆಕ್ ಕೊಡೋ ಫೋಟೋ ಇರಲಿ ಅಂತ ಇನ್ನೊಬ್ರು.

ವಾರ್ಡಿನಾಚೆ

ರಿಪೋರ್ಟ್ ನಿಮ್ಮ ಕೈಗೆ ಬರಕೂಡದು. ದಿನಾ ಗಾಂಜಾ ಸೇದುತ್ತಿದ್ದವನು ಪೂರ್ತಿ ಬಿಟ್ಟ ಮೇಲೂ ಮೂತ್ರದಲ್ಲಿ ವಾರಗಟ್ಟಲೆ, ಕೆಲವರಲ್ಲಿ ತಿಂಗಳು ದಾಟಿಯೂ, ಪಾಸಿಟಿವ್ ಬರುತ್ತೆ. ವಾಟ್ಸ್ಯಾಪ್‌ನಲ್ಲಿ ಆ ಕಾಗದ ನೋಡಿದ 40 ಜನಕ್ಕೆ ಅವನು ಸುಳ್ಳುಗಾರ. ಕುಡಿತಕ್ಕೆ ಇದು ಉಲ್ಟಾ. ಮೂತ್ರ ಪರೀಕ್ಷೆಯ ಸಾಮಾನ್ಯ ಸ್ಟ್ರಿಪ್‌ನಲ್ಲಿ ಹೆಂಡ ಸಿಗೋದು ಕೆಲವೇ ಗಂಟೆ, ಹಾಗಾಗಿ ನಿನ್ನೆ ಮಧ್ಯಾಹ್ನ ಕುಡಿದವನೂ ಪಾಸು. ಪರೀಕ್ಷೆಯ ಫಲಿತಾಂಶ ನೋಡಿಯೇ ದುಡ್ಡು ಕೊಡೋದಾದ್ರೆ ಹುಡುಗ ಬೇರೆಯವರ ಮೂತ್ರ ತುಂಬಿ ಕೊಡೋದನ್ನೂ ಕಲೀತಾನೆ. ಫಲಿತಾಂಶ ಡಾಕ್ಟರ ಹತ್ರವೇ ಇರಲಿ. ನಿಮಗೆ ಬೇಕಾದ್ದು "ಓಪಿಡಿಗೆ ಬರ್ತಿದಾನೆ" ಅನ್ನೋ ಒಂದು ಸಾಲು.

ಕುಡಿದ ಅಂತ ಬಾಡಿಗೆ ನಿಲ್ಲಿಸಬೇಡಿ, ನಿಲ್ಲಿಸಿದ್ರೆ ಅವನು ಹೋಗೋದು ಹಳೇ ರೂಮಿಗೇ. ನಿಯಮ ಹೀಗಿರಲಿ: ಎಡವಿದ್ರೆ 48 ಗಂಟೆ ಒಳಗೆ ತಾನೇ ಹೇಳಬೇಕು, ಅದೇ ವಾರ ಡಾಕ್ಟರನ್ನ ನೋಡಬೇಕು. ಹೇಳಿದವನಿಗೆ ಏನೂ ಕಡಿತ ಇಲ್ಲ. ಸತತ ಎರಡು ಓಪಿಡಿ ತಪ್ಪಿದ್ರೆ ಮುಂದಿನ ಸೆಮಿಸ್ಟರ್‌ನ ಶುಲ್ಕ ತಡೆಹಿಡೀರಿ. ಪಿಜಿ ಮಾತ್ರ ಇನ್ನೊಂದು ತಿಂಗಳು ನಡೀಲಿ. ಆ 30,000 ಉಳಿಸಿ ಅಂದದ್ದು ಇಂಥ ತಿಂಗಳಿಗೇ.

ಫೋಟೋ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯಾನದಲ್ಲಿ ಮದ್ಯ, ಮಾದಕ ದುರ್ಬಳಕೆಯ ತೊಂದರೆಗಳೂ ಸೇರಿವೆ, ಗೋಪ್ಯತೆ ರೋಗಿಯ ಹಕ್ಕು. ಅದು ಹಾಗಿರಲಿ, ಎರಡು ವರ್ಷ ಬಿಟ್ಟು ಪ್ಲೇಸ್‌ಮೆಂಟ್‌ನವರು ಹೆಸರು ಹುಡುಕಿದಾಗ ನಿಮ್ಮ ಚೆಕ್ ಫೋಟೋ ಮೇಲೆ ಬರುತ್ತೆ.

ಭಾನುವಾರದ_ಮೀಟಿಂಗ್

ಎಎಗೆ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರ ಪರಸ್ಪರ ನೆರವಿನ ಗುಂಪು) ದೇಣಿಗೆ ಕೊಡೋ ಯೋಚನೆ ಯಾರಿಗಾದ್ರೂ ಇದ್ರೆ ಕೇಳಿ: ಎಎ, ಮಾದಕ ಬಿಟ್ಟವರ ಎನ್‌ಎ ಗುಂಪುಗಳು ಹೊರಗಿನವರ ದುಡ್ಡು ಮುಟ್ಟಲ್ಲ. ಅವರ ನಿಯಮಗಳಲ್ಲಿ ಏಳನೆಯದಾದ "ಏಳನೇ ಸಂಪ್ರದಾಯ"ದ ಪ್ರಕಾರ ಖರ್ಚೆಲ್ಲ ಸದಸ್ಯರದೇ. ಕಾಲೇಜಿನ ಒಂದು ಕೋಣೆ ವಾರಕ್ಕೆ ಒಂದೂವರೆ ಗಂಟೆ ಕೊಡಿಸಿ, ಬಾಡಿಗೆ ಅಂತ ಅಷ್ಟೋ ಇಷ್ಟೋ ಅವರೇ ಕೊಡ್ತಾರೆ, ತಗೊಳ್ಳಿ. ಕೋಣೆ ಪ್ರಿನ್ಸಿಪಾಲರ ಚೇಂಬರ್ ಎದುರಿಗೆ ಇದ್ರೆ ಒಬ್ಬನೂ ಬರಲ್ಲ!

ಅಮೆರಿಕದ ಮೂವರ ದುಡ್ಡು ಎಫ್‌ಸಿಆರ್‌ಎಯಲ್ಲಿ ಸಿಕ್ಕಿಕೊಂಡ್ರೆ ಅಲ್ಲೇ ಕೊಡಲಿ. ಅಲ್ಲಿನ ವಿಶ್ವವಿದ್ಯಾಲಯಗಳಾದ ಟೆಕ್ಸಸ್ ಟೆಕ್‌ನಲ್ಲಿ 1986ರಿಂದ, ಆಗ್ಸ್‌ಬರ್ಗ್‌ನಲ್ಲಿ 1997ರಿಂದ ಚಟ ಬಿಟ್ಟ ವಿದ್ಯಾರ್ಥಿಗಳಿಗಾಗಿಯೇ ಕಾರ್ಯಕ್ರಮ ಇದೆ. ರಟ್ಗರ್ಸ್ ವಿಶ್ವವಿದ್ಯಾಲಯ 1988ರಲ್ಲೇ ಇವರಿಗೆ ಬೇರೆ ಹಾಸ್ಟೆಲ್ ಮಾಡಿತು. ಅಲ್ಲೂ ರೂಮು ಮುಖ್ಯ ಅಂತ ಕಂಡುಕೊಂಡ್ರು ನೋಡಿ.

ಹಳೇಬ್ಯಾಚ್99

ಮೊದಲ ವರ್ಷ ಇಬ್ಬರಿಗೇ ಸಾಕು ಅಂತ ಗ್ರೂಪ್‌ನಲ್ಲಿ ಹಾಕ್ತೀನಿ. ಪಿಜಿ ಹುಡುಕೋದು ಯಾವಾಗ ಶುರು ಮಾಡಬೇಕು?

ವಾರ್ಡಿನಾಚೆ

ಡಿಸ್ಚಾರ್ಜ್‌ಗೆ ಒಂದು ವಾರ ಮುಂಚೆ. ಅಡ್ವಾನ್ಸ್ ಕಟ್ಟಿ ಬೀಗದ ಕೈ ತಗೊಂಡಿರಿ. ಆಸ್ಪತ್ರೆಯಿಂದ ನೇರ ಅಲ್ಲಿಗೇ ಹೋಗಬೇಕು. "ಎರಡು ದಿನ ಹಾಸ್ಟೆಲ್‌ನಲ್ಲಿ ಇರ್ತೀನಿ, ಆಮೇಲೆ ಶಿಫ್ಟ್ ಆಗ್ತೀನಿ" ಅಂದ್ರೆ ಒಪ್ಪಬೇಡಿ.